ಮೂವತ್ತನಾಲ್ಕು ಅಂಗುಲ

ನಮ್ಮ ತಾಯಿಯವರಿಗೆ ಎಪ್ಪತ್ತೆರಡು ವರ್ಷ. ತಿಪಟೂರಿನಿಂದ ಧರ್ಮಸ್ಥಳಕ್ಕೆ ಅವರು ಎಷ್ಟು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದಾರೋ ಲೆಕ್ಕವಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಬಾರದು. ಘಾಟಿಯ ದಾರಿಯಾದರೆ ಕೊನೆಯ ಸಾಲು ಕೂಡದು. ಬಿಸಿಲು ಯಾವ ಕಡೆಗೆ ಬೀಳುತ್ತದೆಂದು ನೋಡಿಕೊಂಡೇ ಕಿಟಕಿಯಿಂದ ಟವೆಲು ಹಾಕಬೇಕು. ಇದು ಅವರ ಶಾಸ್ತ್ರ. ಕಳೆದ ವರ್ಷ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮನೆಗೆ ಅವರನ್ನು ಕರೆದೊಯ್ಯುವ ಸಂದರ್ಭ ಒದಗಿತು. ಟಿಕೆಟು ಕೊಂಡ ಸುದ್ದಿ ಹೇಳಿದೊಡನೆ ಅವರು ಕೇಳಿದ ಮೊದಲ ಪ್ರಶ್ನೆ, "ಸೀಟು ಎಲ್ಲಿ ಹಿಡಿದೆಯೋ?"

ನಾನು ಸೀಟು ಹಿಡಿದಿರಲಿಲ್ಲ. ಆ ವಿಮಾನ ಸಂಸ್ಥೆಯವರು ಕುಳಿತುಕೊಳ್ಳುವ ಜಾಗವನ್ನು ಆರಿಸಿಕೊಳ್ಳುವುದಕ್ಕೇ ಬೇರೆ ಹಣ ಕೇಳಿದ್ದರು. ಪ್ರಯಾಣಕ್ಕೆ ಹಣ ಕೊಟ್ಟವನು ಕೂರುವುದಕ್ಕೂ ಮತ್ತೆ ಕೊಡಬೇಕೆಂಬುದು ನನ್ನ ಮೇಷ್ಟರ ಬುದ್ಧಿಗೆ ಒಗ್ಗಲಿಲ್ಲ. ಆದರೆ ಅಮ್ಮನಿಗೆ ಕಾಲು ಊದುವ ತೊಂದರೆಯಿದೆ. ಬಹಳ ಹೊತ್ತು ಅಲ್ಲಾಡದೆ ಕೂರಿಸಬೇಡಿರೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಹಟ ಬಿಡುವುದೋ ಹಣ ಬಿಡುವುದೋ ಎಂದು ತೂಗುತ್ತಿದ್ದ ಆ ಹದಿನೈದು ದಿನಗಳಲ್ಲಿ, ಹಳಗನ್ನಡ ಪಾಠ ಹೇಳುವ ನಾನು ವಿಮಾನದ ಕುರ್ಚಿಯ ಚರಿತ್ರೆಯನ್ನು ಓದತೊಡಗಿದೆ.

ಮೊದಮೊದಲಿನ ಪ್ರಯಾಣಿಕ ವಿಮಾನಗಳಲ್ಲಿ ಬೆತ್ತದ ಕುರ್ಚಿಗಳಿದ್ದುವು. ಅಂದಕ್ಕಾಗಿ ಅಲ್ಲ, ಹಗುರವೆಂದು. ಪ್ರಯಾಣಿಕನನ್ನೂ ಅವನ ಪೆಟ್ಟಿಗೆಯನ್ನೂ ತಕ್ಕಡಿಯಲ್ಲಿ ತೂಗಿಯೇ ಹತ್ತಿಸುತ್ತಿದ್ದ ಕಾಲ ಅದು. ಇಂಪೀರಿಯಲ್ ಏರ್‌ವೇಸ್ ಸಂಸ್ಥೆ 1929ರ ಮಾರ್ಚ್ 30ರಂದು ಲಂಡನ್ನಿನಿಂದ ಕರಾಚಿಗೆ ವಿಮಾನ ಸಂಚಾರ ಆರಂಭಿಸಿತು. ಪ್ರಯಾಣಕ್ಕೆ ಏಳು ದಿನ. ನಡುವೆ ಒಂದಷ್ಟು ದೂರ ರೈಲು ಕೂಡ. ಆಮೇಲೆ ಬಂದ ಅವರ ಹ್ಯಾನಿಬಲ್ ಜಾತಿಯ ದೊಡ್ಡ ವಿಮಾನಗಳಲ್ಲಿ ಎಂಜಿನ್ನಿನ ಗದ್ದಲ ಹೆಚ್ಚಾಗಿ ಕೇಳುವ ನಡುಭಾಗವನ್ನು ಸಾಮಾನು ಮೊದಲಾದುವಕ್ಕೆ ಬಿಟ್ಟು, ಜನರನ್ನು ಮುಂದೆ ಒಂದು ಕೋಣೆ, ಹಿಂದೆ ಒಂದು ಕೋಣೆ ಎಂದು ಕೂರಿಸುತ್ತಿದ್ದರು. ಚಕ್ರದ ಮೇಲೆ ಕೂರಬಾರದೆಂಬ ನಮ್ಮ ತಾಯಿಯವರ ಶಾಸ್ತ್ರ ಅಲ್ಲಿನ ಎಂಜಿನಿಯರರಿಗೂ ಗೊತ್ತಿತ್ತೆನ್ನಬೇಕು.

ಆದರೆ ಆ ಕಾಲದಲ್ಲಿ ಕುರ್ಚಿ ಅಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. ಕತ್ತಲಾಯಿತೆಂದರೆ ವಿಮಾನ ಇಳಿಯುತ್ತಿತ್ತು. ಪ್ರಯಾಣಿಕರು ಹೋಟೆಲಿನ ಮಂಚದ ಮೇಲೆ ಕಾಲು ಚಾಚಿ ಮಲಗುತ್ತಿದ್ದರು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ಹೆಸರಿನ ಏರ್ ಇಂಡಿಯಾ ವಿಮಾನ ಜೆ. ಆರ್. ಡಿ. ಟಾಟಾ ಅವರನ್ನೂ ಕೂರಿಸಿಕೊಂಡು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗಲೂ ಕೈರೋದಲ್ಲಿ, ಜಿನೀವಾದಲ್ಲಿ ಇಳಿದೇ ಹೋಯಿತು. ವಿಮಾನ ನಿಲ್ಲುವುದನ್ನು ಬಿಟ್ಟಮೇಲೆ ಮನುಷ್ಯನ ಕಾಲು ನೋಯಲು ಆರಂಭವಾಯಿತು.

ಈಗ ಬಡವರ ಕುರ್ಚಿಯ ಮಾತು. ಬಡವರೆಂದರೆ ನಿಜವಾದ ಬಡವರಲ್ಲ, ಶ್ರೀಮಂತರಲ್ಲದವರು, ನಮ್ಮಂಥವರು. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಸಾಗರ ದಾಟುವ ವಿಮಾನದಲ್ಲಿ ನಮ್ಮಂಥವರಿಗೆ ಜಾಗವಿರಲಿಲ್ಲ. 1952ರ ಮೇ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ 'ಟೂರಿಸ್ಟ್' ದರ್ಜೆ ಬಂತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಮೇಲಿನ ದರ್ಜೆಗೆ 395 ಡಾಲರು, ಇದಕ್ಕೆ 270. ಆರು ವರ್ಷಗಳ ಮೇಲೆ, 1958ರ ಏಪ್ರಿಲ್‌ನಲ್ಲಿ, ಇದಕ್ಕಿಂತಲೂ ಸುಮಾರು ಐದರಲ್ಲೊಂದು ಪಾಲು ಅಗ್ಗವಾದ 'ಎಕಾನಮಿ' ದರ್ಜೆ ಹುಟ್ಟಿತು.

ಅದರ ಜಾತಕ ಬರೆದವರು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದವರು. ದರವೆಲ್ಲ ಒಂದೇ ಇರಬೇಕೆಂದು ಗೊತ್ತುಮಾಡಿದ ಮೇಲೆ ಸುಖವೂ ಒಂದೇ ಇರಬೇಕಲ್ಲ! ಒಂದು ಕುರ್ಚಿಯ ಬೆನ್ನಿನಿಂದ ಮುಂದಿನ ಕುರ್ಚಿಯ ಬೆನ್ನಿಗೆ 34 ಅಂಗುಲ ಎಂದು ಅಳೆದರು. ಊಟವೆಂದರೆ ತಣ್ಣಗಿನ, ಸಾದಾ, ಅಗ್ಗದ ಸ್ಯಾಂಡ್‌ವಿಚ್ ಎಂದು ಬರೆದರು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆಯವರು ತಮ್ಮ ದೇಶದ ಪದ್ಧತಿಯಂತೆ ಒಂದೇ ರೊಟ್ಟಿಯ ಹೋಳಿನ ಮೇಲೆ ಮಾಂಸ, ಮೀನುಗಳನ್ನು ರಾಶಿ ಹಾಕಿ, ಇದೂ ಸ್ಯಾಂಡ್‌ವಿಚ್ಚೇ ಎಂದರು. ಅಮೆರಿಕದ ಪ್ಯಾನ್ ಆಮ್‌ನವರು ದೂರು ಕೊಟ್ಟರು. ಸ್ಯಾಂಡ್‌ವಿಚ್ ಎಂದರೇನು ಎಂಬುದರ ಮೇಲೆ ವಾಕ್ಯಾರ್ಥ ನಡೆದು, ಕಡೆಗೆ ಎಸ್‌ಎಎಸ್‌ಗೆ 20,000 ಡಾಲರು ದಂಡ ಬಿತ್ತು. ಅಗ್ಗದ ಟಿಕೆಟಿನವನಿಗೆ ಹೆಚ್ಚು ಉಣಬಡಿಸಿದ್ದಕ್ಕೆ ದಂಡ! ನಮ್ಮ ಕಡೆ ಬೀಗರ ಊಟದಲ್ಲಿ ಕಡಿಮೆ ಬಡಿಸಿದ್ದಕ್ಕೆ ಜಗಳವಾಗುವುದನ್ನು ಕಂಡವನಿಗೆ ಇದು ಹೊಸದು.

ನಗು ಹಾಗಿರಲಿ. ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಆ 34 ಅಂಗುಲ. ಅದು ಯಾರ ಮೊಣಕಾಲನ್ನೂ ಅಳೆದು ಬಂದ ಲೆಕ್ಕವಲ್ಲ. ಮೇಜಿನ ಸುತ್ತ ಕುಳಿತು ಮಾಡಿದ ಚೌಕಾಶಿ. ಆದರೂ ಅದೊಂದು ಗಡಿ. ಅಲ್ಲಿಂದಾಚೆಗೆ ಯಾರೂ ಒತ್ತರಿಸುವ ಹಾಗಿರಲಿಲ್ಲ. 1978ರಲ್ಲಿ ಅಮೆರಿಕದ ಸರ್ಕಾರ ತನ್ನ ದೇಶದ ವಿಮಾನ ದರಗಳ ಮೇಲಿನ ಹತೋಟಿಯನ್ನು ಕೈಬಿಡುವ ಕಾಯಿದೆ ಮಾಡಿತು. ಕ್ರಮೇಣ ಬೇರೆ ಕಡೆಗಳಲ್ಲೂ ಅದೇ ಗಾಳಿ ಬೀಸಿತು. ಟಿಕೆಟು ಅಗ್ಗವಾಯಿತು. ಅದನ್ನು ಅಲ್ಲಗಳೆಯಲಾರೆ, ಇಲ್ಲದಿದ್ದರೆ ನಾನಾಗಲಿ ನನ್ನ ತಾಯಿಯಾಗಲಿ ವಿಮಾನ ಹತ್ತುವ ಮಾತೇ ಇರಲಿಲ್ಲ. ಜೊತೆಗೆ ಗಡಿಕಲ್ಲೂ ಕಿತ್ತುಹೋಯಿತು. 34 ಇದ್ದುದು 32 ಆಯಿತು, 31 ಆಯಿತು. ಕೆಲವು ಕಡೆ 28ಕ್ಕೂ ಇಳಿಯಿತು.

ಅಗಲದ ಕಥೆಯೂ ಇದೇ. ಬೋಯಿಂಗ್ 777 ವಿಮಾನ 1995ರಲ್ಲಿ ಸಂಚಾರಕ್ಕೆ ಬಂದಾಗ ಒಂದು ಸಾಲಿಗೆ ಸಾಮಾನ್ಯವಾಗಿ ಒಂಬತ್ತು ಕುರ್ಚಿ; ಮುಂದೆ ಅದೇ ಅಗಲದಲ್ಲಿ ಹತ್ತನೆಯದನ್ನು ತುರುಕಿದ ಸಂಸ್ಥೆಗಳು ಬಹಳ. 787ರಲ್ಲಿ ಎಂಟು ಕೂರಿಸುವ ಕಡೆ ಹೆಚ್ಚಿನವರು ಒಂಬತ್ತು ಕೂರಿಸಿದರು. ನಮ್ಮ ದೇಶದೊಳಗೆ ಓಡಾಡುವ 737ರ ಒಡಲಿನ ಅಗಲವಂತೂ 1950ರ ದಶಕದಲ್ಲಿ 707ಕ್ಕಾಗಿ ಗೊತ್ತುಮಾಡಿದ್ದೇ. ಅಜ್ಜನ ಅಳತೆಗೆ ಹೊಲಿಸಿದ ಕೋಟನ್ನು ಮೊಮ್ಮಗ ತೊಟ್ಟ ಹಾಗೆ.

ಹಾಗಾದರೆ ದೇಹದ ಅಹವಾಲು ಎಲ್ಲಿಯೂ ದಾಖಲಾಗಲಿಲ್ಲವೇ? ಆಯಿತು, ವಿಮಾನದಲ್ಲಲ್ಲ, ನೆಲದಡಿಯಲ್ಲಿ. 1940ರಲ್ಲಿ ಜರ್ಮನರು ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಕ್ಯಾನ್ವಾಸಿನ ಮಡಿಚುಕುರ್ಚಿಗಳಲ್ಲಿ ಕುಳಿತಿರುತ್ತಿದ್ದರು. ಬಾಂಬು ತಗಲದೆ ಬದುಕಿದ ಕೆಲವರು ಬೆಳಿಗ್ಗೆ ಎದ್ದು ನಿಂತವರು ಇದ್ದಕ್ಕಿದ್ದಂತೆ ಕುಸಿದು ಸತ್ತರು. ಕೀತ್ ಸಿಂಪ್ಸನ್ ಎಂಬ ವೈದ್ಯರು ಶವಪರೀಕ್ಷೆ ಮಾಡಿ, ಕುರ್ಚಿಯ ಮುಂಭಾಗದ ಮರದ ಪಟ್ಟಿ ತೊಡೆಯನ್ನು ಒತ್ತಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸೇರುತ್ತದೆಂದು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಬದಲು ಮಲಗುವ ಹಲಗೆ ಕೊಡಿರೆಂಬುದು ಅವರ ಸಲಹೆ. ದಶಕಗಳು ಕಳೆದ ಮೇಲೆ ಇದೇ ಕಾಯಿಲೆ ವಿಮಾನದಲ್ಲಿ ಕಾಣಿಸಿಕೊಂಡು 'ಎಕಾನಮಿ ದರ್ಜೆಯ ರೋಗ'ವೆಂಬ ಹೆಸರು ಪಡೆಯಿತು.

ಹೆಸರು ಸರಿಯಲ್ಲವೆಂದು 2012ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಹೇಳಿತು. ದರ್ಜೆಯಿಂದ ಈ ರೋಗ ಬರುತ್ತದೆಂಬುದಕ್ಕೆ ಆಧಾರವಿಲ್ಲ. ಬಹಳ ಹೊತ್ತು ಅಲ್ಲಾಡದಿರುವುದು ಕಾರಣ. ಅದರಲ್ಲೂ ಕಿಟಕಿಯ ಪಕ್ಕ ಕೂತವನಿಗೆ ಅಪಾಯ ಹೆಚ್ಚು. ಏಕೆಂದರೆ ಇಬ್ಬರನ್ನು ಎಬ್ಬಿಸುವ ಸಂಕೋಚಕ್ಕೆ ಅವನು ಏಳುವುದೇ ಇಲ್ಲ. ಇದನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಅಮ್ಮ ಒಳಗೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಸಂಕೋಚದಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಪರರಿಗೆ ತೊಂದರೆ ಕೊಡುವುದಕ್ಕಿಂತ ನೋವು ನುಂಗಿ ಕೂರುವ ತಲೆಮಾರು ಅದು.

ಹಟ ಆ ಕ್ಷಣವೇ ಇಳಿಯಿತು. ಹಣ ಕೊಡುವುದೆಂದು ತೀರ್ಮಾನಿಸಿ, ಸೀಟುಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಅಮ್ಮನನ್ನು ಕರೆದೆ. ತುರ್ತು ಬಾಗಿಲಿನ ಪಕ್ಕದ ಸಾಲಿನಲ್ಲಿ ಕಾಲು ಚಾಚಲು ಜಾಗ ಬಹಳ. ಆದರೆ ಅಪಾಯದ ವೇಳೆ ನೆರವಾಗಬಲ್ಲ ಗಟ್ಟಿಮುಟ್ಟಾದವರಿಗೆ ಮಾತ್ರ ಅದು ಮೀಸಲು. ಗೋಡೆಗೆ ಎದುರಾದ ಮೊದಲ ಸಾಲೂ ವಿಶಾಲವೇ. ಅಲ್ಲಿ ಕೂಸುಗಳ ತೊಟ್ಟಿಲು ಕಟ್ಟುತ್ತಾರೆ, ಕಾಲಬುಡದಲ್ಲಿ ಚೀಲ ಇಡುವಂತಿಲ್ಲ. ಬಾಲದ ಕಡೆ ವಿಮಾನದ ಒಡಲು ಕಿರಿದಾಗುವುದರಿಂದ ಕಿಟಕಿಯ ಪಕ್ಕ ಮೂರರ ಬದಲು ಎರಡೇ ಕುರ್ಚಿ. ತಾಯಿ ಮಗನಿಗೆ ಹೇಳಿ ಮಾಡಿಸಿದಂತಿದೆ ಎಂದೆ.

"ಹಿಂದೆ ಬೇಡ. ಎತ್ತಿಹಾಕುತ್ತೆ," ಎಂದರು ಅಮ್ಮ.

ನಿಜವೇ. ವಿಮಾನದ ತೂಕದ ನಡುಬಿಂದು ರೆಕ್ಕೆಗಳ ಬಳಿ ಇರುವುದರಿಂದ ಅಲ್ಲಿ ಅಲುಗಾಟ ಕಡಿಮೆ, ಬಾಲದಲ್ಲಿ ಹೆಚ್ಚು. ಶಿರಾಡಿ ಘಾಟಿಯಲ್ಲಿ ಕಲಿತ ಭೌತಶಾಸ್ತ್ರ ಸುಳ್ಳಾಗಲಿಲ್ಲ. ಕೊನೆಗೆ ರೆಕ್ಕೆಯ ಹಿಂಚಿನ ಅಂಚಿನ ನೇರಕ್ಕೆ, ನಡುವಣ ನಾಲ್ಕು ಕುರ್ಚಿಗಳ ಗುಂಪಿನಲ್ಲಿ, ಓಣಿಯ ಪಕ್ಕದ್ದು ಅಮ್ಮನಿಗೆ, ಅದರ ಒಳಗಿನದು ನನಗೆ ಎಂದಾಯಿತು. ಆಚೆಯ ಇಬ್ಬರು ಆಚೆಯ ಓಣಿಗೆ ಇಳಿದುಕೊಳ್ಳುತ್ತಾರೆ. ಅಮ್ಮನನ್ನು ಎಬ್ಬಿಸುವವನು ನಾನೊಬ್ಬನೇ. ಕೊಟ್ಟ ಹಣ ಎಷ್ಟೆಂದು ಕೇಳಿದ ಅಮ್ಮ, "ಬಸ್ಸಾಗಿದ್ರೆ ಒಂದು ಟವೆಲ್ ಸಾಕಿತ್ತು," ಎಂದರು.

ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ನಡುವಣ ದೂರ ಹತ್ತಿರ ಹತ್ತಿರ 14,000 ಕಿಲೋಮೀಟರು. 2021ರ ಜನವರಿಯಲ್ಲಿ ಜೋಯಾ ಅಗರವಾಲ್ ಅವರ ನಾಯಕತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾದು, ಎಲ್ಲಿಯೂ ಇಳಿಯದೆ ಸುಮಾರು ಹದಿನೇಳು ಗಂಟೆಗಳಲ್ಲಿ ನಮ್ಮ ಊರು ತಲುಪಿತು. ನಮ್ಮದು ನಡುವೆ ಒಂದೂರಿನಲ್ಲಿ ಇಳಿದು ಹತ್ತುವ ಪ್ರಯಾಣ. ಆದರೂ ಎರಡನೆಯ ಹಾರಾಟ ಮುಗಿಯುವುದೇ ಇಲ್ಲವೆನ್ನಿಸಿತು. ಗಂಟೆಗೊಮ್ಮೆ ಅಮ್ಮನನ್ನು ಎಬ್ಬಿಸಬೇಕೆಂದು ಗಡಿಯಾರ ನೋಡುತ್ತಿದ್ದ ನಾನು ಯಾವಾಗಲೋ ನಿದ್ದೆಹೋದೆ. ಎಚ್ಚರವಾದಾಗ ಪಕ್ಕದ ಕುರ್ಚಿ ಖಾಲಿ. ಗಾಬರಿಯಿಂದ ಎದ್ದು ಹಿಂದಕ್ಕೆ ನಡೆದೆ. ಬಾಲದ ತುದಿಯಲ್ಲಿ, ತಿಂಡಿಯ ಗಾಡಿಗಳನ್ನು ನಿಲ್ಲಿಸುವಲ್ಲಿ, ಅಮ್ಮ ಇನ್ನಿಬ್ಬರು ಹೆಂಗಸರೊಂದಿಗೆ ನಿಂತುಕೊಂಡು ಮಾತಾಡುತ್ತಿದ್ದರು. ಒಬ್ಬರು ಹಾಸನದವರು, ಇನ್ನೊಬ್ಬರು ದಾವಣಗೆರೆಯವರು; ಇಬ್ಬರೂ ಮಗಳ ಬಾಣಂತನಕ್ಕೆ ಹೊರಟವರು.

"ನೀನು ಮಲಕ್ಕೋ ಹೋಗೋ, ನಾನು ಮೂರು ಸಲ ಬಂದು ಹೋದೆ," ಎಂದರು ಅಮ್ಮ. ದಾವಣಗೆರೆಯವರ ಸೀಟು ಕಿಟಕಿಯ ಪಕ್ಕದ್ದಂತೆ. ಈ ಸಲ ಕುಳಿತರೆ ಮತ್ತೆ ಏಳುವುದು ಹೇಗೆಂದು ಅವರು ನಿಂತೇ ಇದ್ದರು.