ಸಾಲದ ಸಾಲಿನಲ್ಲಿ ಕೊನೆಗೆ ನಿಂತವರು

ನನಗೆ ಫುಟ್‌ಬಾಲ್ ಅಷ್ಟೇನೂ ಗೊತ್ತಿಲ್ಲ. ಆಫ್‌ಸೈಡ್ ಅಂದರೇನು ಅಂತ ನಮ್ಮ ಸ್ಪೋರ್ಟ್ಸ್ ಡೆಸ್ಕಿನ ಹುಡುಗರು ಎಷ್ಟು ಸಲ ಹೇಳಿಕೊಟ್ಟರೂ ಮರುದಿನಕ್ಕೆ ಮರೆತಿರುತ್ತೇನೆ. ಆದರೆ ಸಾಲದ ಕಥೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಯಾಕಂದರೆ ಪ್ರತಿ ಸಾಲದ ಕಥೆಯಲ್ಲೂ ಒಂದೇ ಪ್ರಶ್ನೆ ಇರುತ್ತದೆ. ಉಂಡವರು ಯಾರು, ಎಲೆ ಎತ್ತಿದವರು ಯಾರು?

ಇವತ್ತು ಅಂಥದ್ದೇ ಒಂದು ಕಥೆ ಹೇಳ್ತೀನಿ. ಇಂಗ್ಲೆಂಡಿನ ದಕ್ಷಿಣ ತುದಿಯಲ್ಲಿರುವ ಪೋರ್ಟ್ಸ್‌ಮತ್ ಊರಿನದು.

ಇದು ನೌಕಾಪಡೆಯ ಊರು. ಹಡಗುಕಟ್ಟೆಯಲ್ಲಿ ಬೆವರು ಸುರಿಸಿ ದುಡಿಯುವವರ ಊರು. 1898ರಲ್ಲಿ ಊರಿನ ಕೆಲವರು ಸೇರಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿದರು. ಫ್ರಾಟನ್ ಪಾರ್ಕ್ ಅನ್ನೋ ಮೈದಾನ ಬಂತು. 1939ರಲ್ಲಿ ಈ ಕ್ಲಬ್ ಎಫ್‌ಎ ಕಪ್ ಗೆದ್ದಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಪಂದ್ಯಾವಳಿಯೇ ನಿಂತುಹೋಯಿತು. 1946ರವರೆಗೂ ಕಪ್ ಪೋರ್ಟ್ಸ್‌ಮತ್ ಬಳಿಯೇ ಉಳಿಯಿತು. 1949 ಮತ್ತು 1950ರಲ್ಲಿ ಸತತ ಎರಡು ವರ್ಷ ಇಡೀ ಇಂಗ್ಲೆಂಡಿಗೆ ಚಾಂಪಿಯನ್. ಆಮೇಲೆ ಏಳುಬೀಳು. ಅಪ್ಪ ಮಗನನ್ನು, ಮಗ ಮೊಮ್ಮಗನನ್ನು ಕೈಹಿಡಿದು ಫ್ರಾಟನ್ ಪಾರ್ಕಿಗೆ ಕರೆದುಕೊಂಡು ಹೋಗೋದು ಮಾತ್ರ ತಪ್ಪಲಿಲ್ಲ.

2006ರಲ್ಲಿ ಕ್ಲಬ್ಬಿಗೆ ಹೊಸ ಯಜಮಾನ ಬಂದ. ಹೆಸರು ಅಲೆಕ್ಸಾಂಡರ್ ಗೈದಮಾಕ್. ಹಣ ಹರಿಯಿತು. ಜರ್ಮೈನ್ ಡೆಫೊ, ಪೀಟರ್ ಕ್ರೌಚ್, ಸೋಲ್ ಕ್ಯಾಂಪ್‌ಬೆಲ್ ಥರದ ದೊಡ್ಡ ದೊಡ್ಡ ಆಟಗಾರರು ಬಂದರು. 2008ರ ಮೇ ತಿಂಗಳಲ್ಲಿ ಕಾರ್ಡಿಫ್ ತಂಡವನ್ನು 1-0ಯಿಂದ ಸೋಲಿಸಿ ಮತ್ತೆ ಎಫ್‌ಎ ಕಪ್ ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಇಟಲಿಯ ಎಸಿ ಮಿಲಾನ್ ಇವರೂರಿಗೇ ಬಂದು ಆಡಿತು. ರೊನಾಲ್ಡಿನೊ ಆ ಹಳೇ ಮೈದಾನದಲ್ಲಿ ಓಡಾಡಿದ. ಪಂದ್ಯ 2-2ರಲ್ಲಿ ಮುಗಿಯಿತು. ಊರಿಗೆ ಊರೇ ಹಬ್ಬ ಮಾಡಿತು.

ಆದರೆ ಲೆಕ್ಕ? ಲೆಕ್ಕ ಯಾರಿಗೂ ಬೇಕಿರಲಿಲ್ಲ ನೋಡಿ. ಫ್ರಾಟನ್ ಪಾರ್ಕ್‌ನಲ್ಲಿ ಕೂರಬಹುದಾದ ಜನ ಸುಮಾರು 20 ಸಾವಿರ. ಟಿಕೆಟ್‌ನಿಂದ ಬರೋದು ಅಷ್ಟಕ್ಕಷ್ಟೆ. ಟಿವಿ ಹಣ ಬರುತ್ತಿತ್ತು ನಿಜ. ಆದರೆ ಆಟಗಾರರ ಸಂಬಳ, ಅವರನ್ನು ಕೊಂಡುತಂದ ಬಾಕಿ ಅದನ್ನು ನುಂಗಿ ನೀರು ಕುಡಿಯುತ್ತಿತ್ತು. ನಡುವಿನ ತೂತನ್ನು ಯಜಮಾನನ ಹಣ, ಬ್ಯಾಂಕ್ ಸಾಲ ಮುಚ್ಚುತ್ತಿದ್ದವು. ಯಜಮಾನ ಕೊಟ್ಟದ್ದೇನು ದಾನವೇ? ಅದೂ ಬಹುಪಾಲು ಸಾಲವೇ. ಹಾಸಿಗೆ ನೋಡಿ ಕಾಲು ಚಾಚಬೇಕು ಅಂತ ನಮ್ಮ ಅಜ್ಜಿಯರು ಹೇಳಿದರು. ಇಲ್ಲಿ ಹಾಸಿಗೆಯೇ ಬಾಡಿಗೆಯದು.

ಜಗತ್ತಿನಾದ್ಯಂತ ಆರ್ಥಿಕ ಕುಸಿತ ಬಂದ ಹೊತ್ತಿಗೆ ಯಜಮಾನ ಕೈ ಎತ್ತಿ ಕ್ಲಬ್ಬನ್ನು ಮಾರಾಟಕ್ಕಿಟ್ಟ. ಒಬ್ಬೊಬ್ಬರೇ ಆಟಗಾರರನ್ನು ಮಾರಿದರು. 2009-10ರ ಒಂದೇ ಸೀಸನ್ನಿನಲ್ಲಿ ಕ್ಲಬ್ಬಿಗೆ ನಾಲ್ವರು ಮಾಲೀಕರು ಆದರು ಅಂದರೆ ನಂಬ್ತೀರಾ? ಸಂಬಳ ಪದೇ ಪದೇ ತಡವಾಯಿತು. ಸಂಬಳದಲ್ಲಿ ಹಿಡಿದುಕೊಂಡ ತೆರಿಗೆ ಸರ್ಕಾರಕ್ಕೆ ಸೇರಲಿಲ್ಲ. ತೆರಿಗೆ ಇಲಾಖೆ, ಈ ಕ್ಲಬ್ಬನ್ನೇ ಮುಚ್ಚಿಸಿ ಅಂತ ಕೋರ್ಟಿಗೆ ಹೋಯಿತು. 2010ರ ಫೆಬ್ರುವರಿ 26ರಂದು ಪೋರ್ಟ್ಸ್‌ಮತ್ ಕ್ಲಬ್ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಅಂದರೆ ದಿವಾಳಿಯ ಹೊಸ್ತಿಲು. ಕಂಪನಿಯ ಬೀಗದ ಕೈ ಮಾಲೀಕರ ಕೈ ತಪ್ಪಿ ಒಬ್ಬ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಇರುವಾಗಲೇ ಈ ಗತಿ ಕಂಡ ಮೊದಲ ಕ್ಲಬ್ ಇದು.

ಶಿಕ್ಷೆಯಾಗಿ 9 ಅಂಕ ಕಡಿತ. ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. 85 ಸಿಬ್ಬಂದಿ ಕೆಲಸ ಕಳೆದುಕೊಂಡರು. ವಿಚಿತ್ರ ಏನು ಗೊತ್ತಾ? ಅದೇ ಮೇ ತಿಂಗಳಲ್ಲಿ ಅದೇ ತಂಡ ಮತ್ತೆ ಎಫ್‌ಎ ಕಪ್ ಫೈನಲ್ ಆಡಿತು! ಚೆಲ್ಸಿ ಎದುರು 1-0ಯಿಂದ ಸೋತಿತು. ಮನೆ ಜಪ್ತಿಯಾಗುತ್ತಿರುವಾಗ ಅಂಗಳದಲ್ಲಿ ಮದುವೆ ನಡೆದ ಹಾಗೆ.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಒಟ್ಟು ಸಾಲ ಸುಮಾರು 12 ಕೋಟಿ ಪೌಂಡ್. ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 800 ಕೋಟಿ ರೂಪಾಯಿ. ಕ್ಲಬ್ಬಿನಿಂದ ಹಣ ಬರಬೇಕಾದವರ ಪಟ್ಟಿ ಹೊರಬಿತ್ತು. ಅದರಲ್ಲಿ ದೊಡ್ಡ ಕ್ಲಬ್ಬುಗಳಿದ್ದವು, ಆಟಗಾರರಿದ್ದರು, ತೆರಿಗೆ ಇಲಾಖೆ ಇತ್ತು. ಪಟ್ಟಿಯ ಕೆಳಗೆ ಊರಿನ ಸಣ್ಣಪುಟ್ಟ ವ್ಯಾಪಾರಿಗಳಿದ್ದರು. ಸ್ಕೌಟ್ ಮಕ್ಕಳ ಒಂದು ತಂಡವಿತ್ತು. ಮೈದಾನದಲ್ಲಿ ಯಾರಿಗಾದರೂ ಏಟಾದರೆ ಓಡಿಬರುವ ಸ್ವಯಂಸೇವಕರ ಸಂಸ್ಥೆ ಸೇಂಟ್ ಜಾನ್ ಆಂಬ್ಯುಲೆನ್ಸ್ ಕೂಡ ಇತ್ತು.

ಇವರಲ್ಲಿ ಯಾರಿಗೆ ಮೊದಲು ಹಣ ಕೊಡಬೇಕು? ನಾನು, ನೀವು ಏನು ಹೇಳ್ತೀವಿ? ಪಾಪ, ಬಡವರಿಗೆ ಮೊದಲು ಕೊಡಿ ಅಂತೀವಿ. ಇಂಗ್ಲಿಷ್ ಫುಟ್‌ಬಾಲಿನ ನಿಯಮ ತದ್ವಿರುದ್ಧ. ಅದರ ಹೆಸರು ‘ಫುಟ್‌ಬಾಲ್ ಕ್ರೆಡಿಟರ್ಸ್ ರೂಲ್’. ದಿವಾಳಿಯೆದ್ದ ಕ್ಲಬ್ ಲೀಗ್‌ನಲ್ಲಿ ಉಳಿಯಬೇಕಾದರೆ ಬೇರೆ ಕ್ಲಬ್ಬುಗಳ ಬಾಕಿ, ಆಟಗಾರರ ಬಾಕಿ ಪೈಸೆ ಬಿಡದೆ ತೀರಿಸಬೇಕು. ಉಳಿದವರು? ಉಳಿದದ್ದನ್ನು ಹಂಚಿಕೊಳ್ಳಬೇಕು. ಪೋರ್ಟ್ಸ್‌ಮತ್‌ನಲ್ಲಿ ಆ ಉಳಿದವರ ಮುಂದೆ ಇಟ್ಟ ಒಪ್ಪಂದ, ಒಂದು ಪೌಂಡಿಗೆ 20 ಪೆನ್ನಿ. ಅಂದರೆ ನೂರು ಬರಬೇಕಾದ ಕಡೆ ಇಪ್ಪತ್ತು, ಅದೂ ಕಂತಿನಲ್ಲಿ.

ಲೀಗ್‌ನವರ ವಾದವನ್ನೂ ಹೇಳಿಬಿಡ್ತೀನಿ, ನ್ಯಾಯವಾಗಿ. ಒಂದು ಕ್ಲಬ್ ಇನ್ನೊಂದಕ್ಕೆ ಹಣ ಕೊಡದಿದ್ದರೆ, ಆ ಇನ್ನೊಂದು ಮೂರನೆಯದಕ್ಕೆ ಕೊಡಲಾಗದೆ ಸರಪಳಿಯ ಹಾಗೆ ಎಲ್ಲ ಬೀಳುತ್ತವೆ. ಆಟಗಾರನನ್ನು ತಂದು ಪಂದ್ಯ ಗೆದ್ದು, ಆಮೇಲೆ ಹಣ ಕೊಡಲ್ಲ ಅಂದರೆ ಅದು ಆಟದಲ್ಲಿ ಮೋಸ. ಮಾತು ಸುಳ್ಳಲ್ಲ. ತೆರಿಗೆ ಇಲಾಖೆ ಪೋರ್ಟ್ಸ್‌ಮತ್ ಒಪ್ಪಂದವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿ 2010ರಲ್ಲಿ ಸೋತಿತು. ಆ ನಿಯಮವನ್ನೇ ಪ್ರಶ್ನಿಸಿ 2012ರಲ್ಲೂ ಸೋತಿತು. ಕಾನೂನು ಸರಿ ಇರಬಹುದು ಸ್ವಾಮಿ. ಆದರೆ ಗಾಯಕ್ಕೆ ಪಟ್ಟಿ ಕಟ್ಟಿದವನಿಗೆ ಇಪ್ಪತ್ತು, ಆಡಿದವನಿಗೆ ನೂರು ಅನ್ನೋ ಲೆಕ್ಕ ನನ್ನ ಗಂಟಲಲ್ಲಿ ಇವತ್ತಿಗೂ ಇಳಿಯೋದಿಲ್ಲ.

ಆ ಇಪ್ಪತ್ತೂ ಪೂರ್ತಿ ಕೈಸೇರಲಿಲ್ಲ. 2012ರ ಫೆಬ್ರುವರಿಯಲ್ಲಿ ಕ್ಲಬ್ ಎರಡನೇ ಸಲ ಅಡ್ಮಿನಿಸ್ಟ್ರೇಷನ್‌ಗೆ ಹೋಯಿತು. ಮತ್ತೆ ಅಂಕ ಕಡಿತ, ಮತ್ತೆ ಕೆಳಕ್ಕೆ. 2008ರಲ್ಲಿ ಕಪ್ ಎತ್ತಿದ ತಂಡ 2013ರಲ್ಲಿ ನಾಲ್ಕನೇ ದರ್ಜೆಗೆ ಬಿದ್ದಿತ್ತು.

ಆಗ ಕಾಪಾಡಿದವರು ಯಾರು? ಶ್ರೀಮಂತ ಯಜಮಾನರಲ್ಲ. ಟಿಕೆಟ್ ಕೊಂಡು ಬರುತ್ತಿದ್ದ ಅಭಿಮಾನಿಗಳು. ಅವರು ಟ್ರಸ್ಟ್ ಕಟ್ಟಿಕೊಂಡರು. ಒಂದೊಂದು ಷೇರಿಗೆ ಸಾವಿರ ಪೌಂಡ್. ಅಂದರೆ ನಮ್ಮ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಎರಡು ಸಾವಿರಕ್ಕೂ ಹೆಚ್ಚು ಜನ ಹಣ ಹಾಕಿದರು. ಒಬ್ಬರಿಂದ ಆಗದ ಕಡೆ ಗೆಳೆಯರು ಸೇರಿ ಒಂದು ಷೇರು ಕೊಂಡರು. 2013ರ ಏಪ್ರಿಲ್‌ನಲ್ಲಿ ಕ್ಲಬ್ ಅವರ ಕೈಗೆ ಬಂತು. 2014ರ ಹೊತ್ತಿಗೆ ಹಳೇ ಬಾಕಿ ತೀರಿಸಿ ಋಣಮುಕ್ತ ಅಂತ ಘೋಷಿಸಿದರು. 2017ರಲ್ಲಿ ಮೇಲಿನ ದರ್ಜೆಗೆ ಏರಿದರು.

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಪೂರ್ತಿ ಹೇಳದಿದ್ದರೆ ನಾನು ಸುದ್ದಿಯವನಲ್ಲ. ಅದೇ 2017ರಲ್ಲಿ ಅಭಿಮಾನಿಗಳೇ ಮತ ಹಾಕಿ ಕ್ಲಬ್ಬನ್ನು ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಕುಟುಂಬದ ಸಂಸ್ಥೆಗೆ ಮಾರಿದರು. ಹಳೇ ಮೈದಾನದ ರಿಪೇರಿಗೆ, ಮೇಲೇರುವ ಕನಸಿಗೆ ಷೇರುದಾರರ ಸಾವಿರ ಸಾವಿರ ಪೌಂಡ್ ಸಾಲುತ್ತಿರಲಿಲ್ಲ. 2024ರಲ್ಲಿ ತಂಡ ಎರಡನೇ ದರ್ಜೆಗೆ ವಾಪಸ್ ಬಂತು. ಪ್ರೀತಿ ಕ್ಲಬ್ಬನ್ನು ಬದುಕಿಸುತ್ತದೆ, ಬೆಳೆಸೋಕೆ ಬಂಡವಾಳ ಬೇಕು. ಇದನ್ನೂ ಒಪ್ಪಿಕೊಳ್ಳಬೇಕು.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. 1885ರಲ್ಲಿ ಹುಟ್ಟಿದ ಬರಿ ಕ್ಲಬ್ಬನ್ನು ಹಣಕಾಸಿನ ಗೊಂದಲಕ್ಕಾಗಿ 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಹಾಕಿದರು. ಅದಾದ ಮೇಲೆ ಬ್ರಿಟನ್ ಸರ್ಕಾರ ಎಚ್ಚೆತ್ತಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಲೆಕ್ಕ, ಮಾಲೀಕರ ಯೋಗ್ಯತೆ ನೋಡಲು ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಕಾನೂನು ಬಂತು.

ಮರು ತಿಂಗಳೇ, 2025ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿದ ಸುದ್ದಿ ಬಂತು. ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಅನ್ನೋ ಅನಿಶ್ಚಿತತೆ ಅದಕ್ಕೆ ಕಾರಣ. ಅದು ಪೋರ್ಟ್ಸ್‌ಮತ್ ಥರದ ಸಾಲದ ಕಥೆ ಅಲ್ಲ. ಆದರೂ ಆ ಸುದ್ದಿಯಲ್ಲಿ ನನ್ನ ಕಣ್ಣು ನಿಂತದ್ದು ‘ಸಿಬ್ಬಂದಿ’ ಅನ್ನೋ ಒಂದು ಪದದ ಮೇಲೆ. ಆಟಗಾರರ ಹೆಸರು ಎಲ್ಲರಿಗೂ ಗೊತ್ತು. ಸಿಬ್ಬಂದಿಗೆ ಸುದ್ದಿಯಲ್ಲಿ ಹೆಸರೇ ಇರುವುದಿಲ್ಲ.

ಅದಕ್ಕೇ ಹೇಳ್ತೀನಿ. ಯಾವುದೇ ಕ್ಲಬ್ ಮುಳುಗುತ್ತಿದೆ ಅಂತ ಸುದ್ದಿ ಬಂದಾಗ ಯಜಮಾನರ ಫೋಟೊ ನೋಡಬೇಡಿ. ಹಣ ಬರಬೇಕಾದವರ ಪಟ್ಟಿ ತರಿಸಿ, ಕೆಳಗಿನಿಂದ ಮೇಲಕ್ಕೆ ಓದಿ. ಉಂಡವರು ಮೇಲಿರುತ್ತಾರೆ. ಎಲೆ ಎತ್ತಿದವರು ಕೆಳಗಿರುತ್ತಾರೆ. ಪೋರ್ಟ್ಸ್‌ಮತ್‌ನಲ್ಲಿ ಕೊನೆಗೆ ಬಾಗಿಲು ಮುಚ್ಚದ ಹಾಗೆ ಅಡ್ಡ ನಿಂತವರು ಆ ಪಟ್ಟಿಯಲ್ಲೇ ಇರಲಿಲ್ಲ. ಅವರು ಟಿಕೆಟ್ ಕೊಂಡು ಹೊರಗೆ ಸಾಲಿನಲ್ಲಿ ನಿಂತಿದ್ದರು.