ಎಪ್ಪತ್ತು ಮಂದಿಯ ನಳಂದ



ನಳಂದ ಎಂದೊಡನೆ ದೊಡ್ಡ ದೊಡ್ಡ ಸಂಖ್ಯೆಗಳು ನೆನಪಾಗುತ್ತವೆ. ಬಿಹಾರದ ಈ ಬೌದ್ಧ ಮಹಾವಿಹಾರ ಶುರುವಾದದ್ದು 5ನೆಯ ಶತಮಾನದಲ್ಲಿ, ಗುಪ್ತ ದೊರೆಗಳ ಕಾಲದಲ್ಲಿ. 7ನೆಯ ಶತಮಾನದಲ್ಲಿ ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್ (ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದನಲ್ಲ, ಅವನೇ) ಇಲ್ಲಿ ವೃದ್ಧ ಗುರು ಶೀಲಭದ್ರರ ಬಳಿ ಓದಿದ. ಬಾಗಿಲು ಕಾಯುವವನೇ ಕಷ್ಟದ ಪ್ರಶ್ನೆ ಕೇಳುತ್ತಿದ್ದನಂತೆ. ಉತ್ತರ ತೋಚದವರು ಅಲ್ಲಿಂದಲೇ ವಾಪಸ್ಸು! ಆಮೇಲೆ ಬಂದ ಇತ್ಸಿಂಗ್, ಇಲ್ಲಿದ್ದ ಭಿಕ್ಷುಗಳು 3,000ಕ್ಕೂ ಹೆಚ್ಚು ಎಂದು ಬರೆದ.

ಇವತ್ತು ನಾನು ಹೇಳಹೊರಟದ್ದು ಆ ವೈಭವದ ಕಾಲದ ಕಥೆಯಲ್ಲ. 1200ರ ಆಸುಪಾಸಿನಲ್ಲಿ ತುರ್ಕರ ದಾಳಿಗಳಿಂದ ಆ ಸೀಮೆಯ ವಿಹಾರಗಳು ಹಾಳಾದವು. ನಳಂದದ ಕಥೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿದಿರಲಿಲ್ಲ.

1235ರ ಸುಮಾರಿಗೆ ಧರ್ಮಸ್ವಾಮಿ ಎಂಬ ಟಿಬೆಟ್ಟಿನ ಭಿಕ್ಷು ನಳಂದಕ್ಕೆ ಬಂದ. ಹೆಚ್ಚಿನ ಕಟ್ಟಡಗಳು ಪಾಳುಬಿದ್ದಿದ್ದವು. ಆದರೂ ತೊಂಬತ್ತು ದಾಟಿದ ರಾಹುಲಶ್ರೀಭದ್ರ ಎಂಬ ಗುರುಗಳು ಸುಮಾರು 70 ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಧರ್ಮಸ್ವಾಮಿಯೂ ಅವರ ಬಳಿ ಸಂಸ್ಕೃತ ವ್ಯಾಕರಣ ಕಲಿಯಲು ಕುಳಿತ.

ಆ ಗುರುಗಳಿಗೆ ನೆರವಾಗುತ್ತಿದ್ದ ಜಯದೇವ ಎಂಬ ಗೃಹಸ್ಥನನ್ನು ಹತ್ತಿರದ ಓದಂತಪುರಿಯಲ್ಲಿ ಸೈನಿಕರು ಸೆರೆಹಿಡಿದರು. ಅವನು ಸೆರೆಯಿಂದಲೇ ಸುದ್ದಿ ಕಳಿಸಿದ: ನಳಂದಕ್ಕೂ ಬರುತ್ತಾರೆ, ಎಲ್ಲರೂ ಓಡಿಹೋಗಿ. ವಿದ್ಯಾರ್ಥಿಗಳು ಹೊರಟರು. ತನಗಂತೂ ವಯಸ್ಸಾಯಿತು, ನೀನೂ ಹೋಗು ಎಂದರು ಗುರುಗಳು. ಧರ್ಮಸ್ವಾಮಿ ಕದಲಲಿಲ್ಲ. ಕೊನೆಗೆ ಅವರನ್ನು ಬೆನ್ನ ಮೇಲೆ ಹೊತ್ತು, ಅಕ್ಕಿ, ಸಕ್ಕರೆ, ಕೆಲವು ಪುಸ್ತಕ ಹಿಡಿದು ದೂರದ ಗುಡಿಯೊಂದರಲ್ಲಿ ಅವಿತುಕೊಂಡ. ಬಂದ ಸೈನಿಕರು ಹುಡುಕಿ, ಯಾರೂ ಕಾಣದೆ ಹಿಂದಿರುಗಿದರು. ಆಮೇಲೆ ಅವನು ಓದು ಮುಗಿಸಿ, ಗುರುಗಳ ಅಪ್ಪಣೆ ಪಡೆದು ಊರಿಗೆ ಮರಳಿದ. ಅವನ ಬಾಯಿಂದ ಕೇಳಿ ಶಿಷ್ಯನೊಬ್ಬ ಬರೆದಿಟ್ಟದ್ದರಿಂದಲೇ ಇದು ನಮಗೆ ಗೊತ್ತು.

ಗ್ರಂಥಗಳೂ ಹೀಗೇ ಉಳಿದವು. ಸಂಸ್ಕೃತದ ಮೂಲ ಪೂರ್ತಿಯಾಗಿ ಸಿಗದ ಎಷ್ಟೋ ಬೌದ್ಧ ಕೃತಿಗಳನ್ನು ಇಂದು ಚೀನೀ, ಟಿಬೆಟನ್ ಅನುವಾದಗಳಲ್ಲಿ ಓದಬಹುದು. ದೂರದೂರಿಂದ ಬಂದು, ತಮ್ಮದಲ್ಲದ ಭಾಷೆಯನ್ನು ವರ್ಷಗಟ್ಟಲೆ ಕಲಿತವರು ಅವನ್ನು ಹೊತ್ತೊಯ್ದಿದ್ದರು.

ವಾರಾಂತ್ಯದ ಕನ್ನಡ ತರಗತಿಗೆ ಎಂಟೇ ಜನ ಬಂದರೆ, ಇದೆಲ್ಲ ಯಾಕೆ ಬೇಕು ಎಂದು ನಿಮಗೆ ಅನ್ನಿಸಬಹುದು. ಆಗ ಆ ಪಾಳು ವಿಹಾರದ ಅಜ್ಜನನ್ನು ನೆನೆಯಿರಿ. 3,000 ಜನ ಇದ್ದ ಜಾಗದಲ್ಲಿ 70 ಮಂದಿಯಷ್ಟೇ ಉಳಿದಾಗಲೂ ಅವರು ಪಾಠ ನಿಲ್ಲಿಸಲಿಲ್ಲ.