ಕೊಳಚೆ ನೀರಿನ ಎಣ್ಣೆ-ಜಿಡ್ಡು ಹಿಡಿಯುವ ಜೈವಿಕ ಜೆಲ್

ಗೋವಿನಕೋವಿ: ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆಯರು ಹೊನ್ನಾಳಿಯನ್ನು ಹಾದು ಮುಂದೆ ಸಾಗುತ್ತಾರೆ. ಈ ಸೀಮೆಯ ಗ್ರಾಮಗಳಲ್ಲಿ ಹೋಟೆಲು, ಅಡುಗೆಮನೆ, ಟ್ರ್ಯಾಕ್ಟರ್ ದುರಸ್ತಿ ಅಂಗಡಿಗಳ ಕೊಳಚೆ ಚರಂಡಿಗಿಳಿದರೆ, ಅದು ಕೊನೆಗೆ ಸೇರುವುದು ಹಳ್ಳವನ್ನು ಇಲ್ಲವೇ ಗದ್ದೆಯನ್ನು.

ನೀರಿನ ಮೇಲೆ ಹರಡುವ ಎಣ್ಣೆಯ ಪೊರೆ ಗಾಳಿಯ ಆಮ್ಲಜನಕವನ್ನು ನೀರಿಗಿಳಿಯಗೊಡದು. ಜಿಡ್ಡು ಹೆಪ್ಪುಗಟ್ಟಿ ಚರಂಡಿಯನ್ನು ಮುಚ್ಚುತ್ತದೆ. ಆದ್ದರಿಂದಲೇ 1986ರ ಪರಿಸರ ಸಂರಕ್ಷಣಾ ನಿಯಮಗಳಡಿಯ ಮಾನದಂಡದಂತೆ, ನದಿ-ಕೆರೆಗಳಿಗೂ ನೀರಾವರಿ ಭೂಮಿಗೂ ಬಿಡುವ ತ್ಯಾಜ್ಯ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಸಾರ್ವಜನಿಕ ಒಳಚರಂಡಿಗೆ ಈ ಮಿತಿ 20 ಮಿಲಿಗ್ರಾಂ.

ಬೆಂಗಳೂರಿನ ಶೋಧ

ಎಣ್ಣೆಯನ್ನು ಜೆಲ್ ಮೂಲಕ ಬೇರ್ಪಡಿಸುವ ವಿದ್ಯೆಗೆ ಕರ್ನಾಟಕದ ಕೊಡುಗೆ ಗಣನೀಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಂತನು ಭಟ್ಟಾಚಾರ್ಯ ಹಾಗೂ ಯಮುನಾ ಕೃಷ್ಣನ್ ಅವರು 2001ರಲ್ಲಿ, ಎಣ್ಣೆ-ನೀರಿನ ಮಿಶ್ರಣದಲ್ಲಿ ಎಣ್ಣೆಯನ್ನು ಮಾತ್ರ ಗಟ್ಟಿಯಾಗಿಸುವ ಸರಳ ಸಂಯುಕ್ತವೊಂದನ್ನು ಪ್ರಕಟಿಸಿದರು. ಅಲನೈನ್ ಎಂಬ ಅಮೈನೋ ಆಮ್ಲಕ್ಕೆ, ತೆಂಗಿನೆಣ್ಣೆಯಲ್ಲೂ ಹೇರಳವಾಗಿರುವ ಲಾರಿಕ್ ಆಮ್ಲವನ್ನು ಜೋಡಿಸಿದಾಗ ದೊರೆಯುವ ವಸ್ತುವಿದು. ಇದರ ಅಣುಗಳು ಎಣ್ಣೆಯೊಳಗೆ ಸೂಕ್ಷ್ಮ ಎಳೆಗಳ ಬಲೆ ಹೆಣೆಯುತ್ತವೆ. ನೀರು ಹಾಗೆಯೇ ಉಳಿಯುತ್ತದೆ.

ಇನ್ನೊಂದು ಬಗೆ, ನೈಸರ್ಗಿಕ ಪಾಲಿಮರ್‌ಗಳದು. ಸಿಗಡಿಯ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಆಮ್ಲೀಯ ನೀರಿನಲ್ಲಿ ಧನ ವಿದ್ಯುದಂಶ ಹೊಂದಿ, ಋಣ ವಿದ್ಯುದಂಶದ ಎಣ್ಣೆ ಹನಿಗಳನ್ನು ಸೆಳೆದು ಗುಂಪುಗೂಡಿಸುತ್ತದೆ. ಕಡಲಕಳೆಯ ಆಲ್ಜಿನೇಟ್ ಕ್ಯಾಲ್ಸಿಯಂ ಸೇರಿದೊಡನೆ ಜೆಲ್ ಆಗುತ್ತದೆ.

ಮಿತಿಗಳೂ ಉಂಟು

ತೇಲುವ ಎಣ್ಣೆಗೆ ಜೆಲ್ ಅನಿವಾರ್ಯವಲ್ಲ. ನೀರು ನಿಧಾನವಾಗಿ ಹಾಯುವ ಜಿಡ್ಡು ತಡೆ ತೊಟ್ಟಿಯಲ್ಲಿ ಅದು ತಾನಾಗಿಯೇ ಮೇಲೇಳುತ್ತದೆ. ನಿಜವಾದ ತೊಡಕು ಸಾಬೂನಿನದು: ಎಣ್ಣೆಯನ್ನು ಅತಿಸಣ್ಣ ಹನಿಗಳಾಗಿಸಿ ನೀರಿನಲ್ಲೇ ತೇಲಾಡಿಸುವುದರಿಂದ ತೊಟ್ಟಿಯಿಂದ ಅವು ತಪ್ಪಿಸಿಕೊಳ್ಳುತ್ತವೆ. ಜೆಲ್ ಬೇಕಾಗುವುದು ಈ ಹಂತದಲ್ಲಿ. ಮೊದಲೇ ಸುರಿದರೆ ಅದು ತೇಲುವ ಎಣ್ಣೆಗೇ ವ್ಯಯವಾಗಿ ವೆಚ್ಚ ಹೆಚ್ಚುತ್ತದೆ.

'ಜೈವಿಕ ವಿಘಟನೀಯ' ಎಂಬ ಮಾತು ಜೆಲ್‌ಗೆ ಸಲ್ಲುತ್ತದೆಯೇ ಹೊರತು ಅದು ಹಿಡಿದ ಎಣ್ಣೆಗಲ್ಲ. ಇಂಜಿನ್ ಎಣ್ಣೆ ಹೀರಿದ ಜೆಲ್ಲನ್ನು ತಿಪ್ಪೆಗೆಸೆದರೆ, ಜೆಲ್ ಕರಗಿ ಎಣ್ಣೆ ಮಣ್ಣಿಗಿಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣಾಗಾರರಿಗೇ ಒಪ್ಪಿಸಬೇಕು.

ಗ್ರಾಮಮಟ್ಟದಲ್ಲಿ ಕ್ರಮ ಹೀಗಿರಬೇಕು: ಗ್ಯಾರೇಜಿನ ಎಣ್ಣೆ ಡಬ್ಬಿಗೆ, ಅಡುಗೆಯ ಜಿಡ್ಡು ತೊಟ್ಟಿಗೆ, ಉಳಿದ ಸೂಕ್ಷ್ಮ ಹನಿಗಳಿಗೆ ಮಾತ್ರ ಜೆಲ್. ಚರಂಡಿಗಿಳಿಯದ ಎಣ್ಣೆಯನ್ನು ನೀರಿನಿಂದ ತೆಗೆಯುವ ಪ್ರಮೇಯವೇ ಬರುವುದಿಲ್ಲ.